ಕೊಟ್ಟೂರು ಬೇರೆಯಾದರೆ ಅಪ್ಪನ ಐದು ಷೇರು

ಬೆಳಿಗ್ಗೆ ಪೇಪರು ಬಂದ ಕೂಡಲೇ ನಾನು ಮೊದಲು ತೆಗೆಯುವುದು ಷೇರುಪೇಟೆಯ ಪುಟ. ಇಷ್ಟು ಕೇಳಿ ನನ್ನನ್ನು ದೊಡ್ಡ ಹೂಡಿಕೆದಾರಳು ಎಂದುಕೊಂಡುಬಿಡಬೇಡಿ. ಆ ಪುಟದಲ್ಲಿ ಹೆಸರು ಬರುವ ಯಾವ ಕಂಪನಿಯ ಒಂದು ಚೂರು ಕಾಗದವೂ ನನ್ನ ಹತ್ತಿರ ಇಲ್ಲ. ಎಲ್ಲಿಗೂ ಹೋಗದವರು ಬಸ್‌ಸ್ಟ್ಯಾಂಡಿನಲ್ಲಿ ಕೂತು ಬಸ್ಸಿನ ಬೋರ್ಡು ಓದಿದ ಹಾಗೆ ಓದುತ್ತೇನೆ, ಅಷ್ಟೇ. ಮೊನ್ನೆ ಹಾಗೆ ಓದುತ್ತಿದ್ದಾಗ ಒಂದು ಲೇಖನ ಸಿಕ್ಕಿತು. ಯಾವುದೋ ದೂರದ ದೇಶದ ಒಂದು ಭಾಗದವರು ತಾವು ಬೇರೆಯಾಗಬೇಕು ಎಂದು ವಾದ ಎಬ್ಬಿಸಿದ್ದರಂತೆ. ಇನ್ನೂ ಯಾರೂ ಬೇರೆಯಾಗಿಲ್ಲ, ಗಡಿಗೆ ಒಂದು ಕಲ್ಲೂ ನೆಟ್ಟಿಲ್ಲ, ಅಷ್ಟರಲ್ಲೇ ಅಲ್ಲಿನ ಬ್ಯಾಂಕುಗಳ ಷೇರು ಬಿದ್ದುಹೋದವಂತೆ. ಯಾಕೆ ಬಿದ್ದವು ಎನ್ನುವುದನ್ನು ಬರೆದವರು ಎರಡು ಕಾಲಂ ತುಂಬ ವಿವರಿಸಿದ್ದರು. ನನಗೆ ನಗು ಬಂತು. ಇಷ್ಟಕ್ಕೆ ಎರಡು ಕಾಲಂ ಯಾಕೆ? ಎಂಬತ್ತರ ದಶಕದಲ್ಲಿ ನಮ್ಮ ಕೊಟ್ಟೂರಿಗೆ ಬಂದಿದ್ದರೆ ಕಣ್ಣಾರೆ ನೋಡಿಕೊಂಡು ಹೋಗಬಹುದಿತ್ತು.

ನಮ್ಮಪ್ಪ ದುರುಗಪ್ಪ ಕೊಟ್ಟೂರಿನ ಪಶು ಆಸ್ಪತ್ರೆಯಲ್ಲಿ ಜವಾನನಾಗಿದ್ದ. ಎತ್ತಿನ ಕಾಲು ಕಟ್ಟುವುದು, ಡಾಕ್ಟರು ಸೂಜಿ ಚುಚ್ಚುವಾಗ ಎಮ್ಮೆಯ ಕಿವಿಯಲ್ಲಿ ಏನಾದರೂ ಸಮಾಧಾನ ಹೇಳುವುದು ಅವನ ಕೆಲಸ. ಕೂಡ್ಲಿಗಿಯಲ್ಲಿ ಮುಖ್ಯ ಕಚೇರಿ ಇದ್ದ ಒಂದು ಸಹಕಾರಿ ಬ್ಯಾಂಕು ಎಪ್ಪತ್ತರ ದಶಕದ ಕೊನೆಗೆ ನಮ್ಮ ಊರಲ್ಲಿ ಶಾಖೆ ತೆರೆಯಿತು. ಅದರ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ, ‘ತಾಲ್ಲೂಕಿನ ನಿವಾಸಿಯಾದ ಯಾವುದೇ ವಯಸ್ಕರು ಷೇರು ಪಡೆದು ಸದಸ್ಯರಾಗಬಹುದು’ ಎಂದು ಬರೆಸಿದ್ದರು. ಅಪ್ಪ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವನು. ‘ಯಾವುದೇ’ ಎಂಬಲ್ಲಿಗೆ ಬಂದವನು ಅಲ್ಲೇ ನಿಂತುಬಿಟ್ಟ. ಮೂರು ಸಲ ಓದಿದ. ಆಮೇಲೆ ಒಳಗೆ ಹೋಗಿ ಗುಮಾಸ್ತರನ್ನು ಕೇಳಿದ.

“ಸಾಹೇಬ್ರ, ಯಾವುದೇ ಅಂದ್ರ ಅದರಾಗ ಯಾರ್ಯಾರು ಬರ್ತಾರ್ರಿ?”

“ಯಾವುದೇ ಅಂದ್ರ ಎಲ್ಲಾರೂ ಬರ್ತಾರಪ. ನೀನೂ ಬರ್ತಿ.”

“ಬರದು ಕೊಡ್ತೀರೇನ್ರಿ?”

“ಗೋಡಿ ಮ್ಯಾಲ ಅಷ್ಟು ದೊಡ್ಡದಾಗಿ ಬರದೇವಲ್ಲೋ ಮಾರಾಯ!”

ಮುಂದಿನ ಸಂಬಳದಲ್ಲಿ ಅಪ್ಪ ಐದು ಷೇರು ತೆಗೆದುಕೊಂಡು ಬಂದ. ಅವ್ವ ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, “ಇದನ್ನ ಕುದಿಸ್ಲೋ, ಹುರಿದು ಹಾಕ್ಲೋ?” ಎಂದು ಕೇಳಿದಳು.

ಅವ್ವನಿಗೆ ಅರ್ಥವಾಗದ್ದು, ನನಗೂ ಎಷ್ಟೋ ಕಾಲ ಅರ್ಥವಾಗದ್ದು ಒಂದಿತ್ತು. ಅಪ್ಪ ಷೇರು ತಗೊಂಡದ್ದು ಲಾಭಕ್ಕಲ್ಲ. ವರ್ಷಕ್ಕೊಮ್ಮೆ ಕೂಡ್ಲಿಗಿಯ ಒಂದು ಶಾಲೆಯ ಹಾಲ್‌ನಲ್ಲಿ ಬ್ಯಾಂಕಿನ ಮಹಾಸಭೆ ನಡೆಯುತ್ತಿತ್ತು. ಹೋಟೆಲಿನ ಹೊರಗೆ ನಿಂತು, ಬೇರೆ ಇಟ್ಟ ಲೋಟದಲ್ಲಿ ಚಹಾ ಕುಡಿದು ಬೆಳೆದವನು ಅಂದು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ, ಕಬ್ಬಿಣದ ಕುರ್ಚಿಗಳ ಸಾಲಿನಲ್ಲಿ ನಟ್ಟನಡುವೆ ಕೂರುತ್ತಿದ್ದ. ಎಲ್ಲರಿಗೂ ಒಂದೇ ಥರದ ಪೊಟ್ಟಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಅಧ್ಯಕ್ಷರು ಎದ್ದು ‘ಮಾನ್ಯ ಸದಸ್ಯರೇ’ ಎಂದಾಗ ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದನಂತೆ. ಶೇಂಗಾ ಎಣ್ಣೆ ಮಿಲ್ಲಿನ ಸಾಹುಕಾರರು ಆ ಬ್ಯಾಂಕಿನ ನಿರ್ದೇಶಕರು. ಅವರ ಷೇರು ಎಣಿಸಲು ಒಂದು ದಿನ ಬೇಕು. ಆದರೆ ಓಟು ಹಾಕುವಾಗ ಅವರಿಗೂ ಒಂದೇ ಕೈ, ಅಪ್ಪನಿಗೂ ಒಂದೇ ಕೈ. ಇದನ್ನು ಅಪ್ಪ ಊರವರಿಗೆಲ್ಲ ಹೇಳಿ ಮುಗಿಸಿ, ಆಸ್ಪತ್ರೆಗೆ ಬರುವ ಎತ್ತುಗಳಿಗೂ ಹೇಳುತ್ತಿದ್ದ. ಸಭೆ ಮುಗಿಸಿ ಬಂದ ಮೇಲೆ ಎರಡು ದಿನ ಅವ್ವ, “ಮಾನ್ಯ ಸದಸ್ಯರ, ಎರಡು ಕೊಡ ನೀರು ತರ್ರಿ” ಎನ್ನುವಳು. ಅವನು ತರುತ್ತಿದ್ದ, ಆದರೆ ಸದಸ್ಯರ ಗತ್ತಿನಲ್ಲೇ.

ಅಪ್ಪನ ಬೋಧನೆಗೆ ಮೊದಲು ಬಿದ್ದವನು ಬೀರಪ್ಪ ಮಾವ. ಕೊಟ್ಟೂರಿಗೂ ಕೂಡ್ಲಿಗಿಗೂ ನಡುವಿನ ಹಳ್ಳಿಯವನು, ಕುರಿ ಸಾಕುವವನು. ಕುರಿಗಳಿಗೆ ಕಾಲುಬೇನೆ ಬಂದಾಗಲೆಲ್ಲ ಅವುಗಳನ್ನು ಹೊಡೆದುಕೊಂಡು ಆಸ್ಪತ್ರೆಗೆ ಬರುತ್ತಿದ್ದ. ಹಾಗೆ ಬಂದು ಬಂದು ಅಪ್ಪನಿಗೆ ಗೆಳೆಯನಾಗಿ, ನನಗೆ ಮಾವನಾಗಿದ್ದ. ಅಪ್ಪ ಷೇರಿನ ಮಾತು ತೆಗೆದಾಗ ಅವನು ಕಂಬಳಿ ಸರಿಮಾಡಿಕೊಂಡು ಕೇಳಿದ: “ಕುರಿ ಆದ್ರ ಮರಿ ಹಾಕ್ತೈತಿ. ಈ ಕಾಗದ ಏನ್ ಹಾಕ್ತೈತೋ ದುರುಗಾ?”

“ಡಿವಿಡೆಂಡ್ ಹಾಕ್ತೈತಿ.”

“ವರ್ಷಕ್ಕ ಎಷ್ಟು ಸಲ?”

“ಒಂದು ಸಲ.”

“ಕುರಿ ಎರಡು ಸಲ ಹಾಕ್ತೈತಲ್ಲೋ!” ಎಂದ ಬೀರಪ್ಪ ಮಾವ. ಆದರೂ ಐದು ಷೇರು ತಗೊಂಡ. ಮಾತ್ರವಲ್ಲ, ತನ್ನ ಹಳ್ಳಿಯ ಅಣ್ಣತಮ್ಮಂದಿರಿಗೆಲ್ಲ ಕೊಡಿಸಿದ. ಸಭೆಯಲ್ಲಿ ಅವನು ಯಾವಾಗಲೂ ಅಪ್ಪನ ಬಾಜು ಕುರ್ಚಿಯಲ್ಲೇ ಕೂರುತ್ತಿದ್ದ.

ನಾನು ಓದಿ ಕೊಟ್ಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆದೆ. ಮೊದಲ ಸಂಬಳದಲ್ಲಿ ಹತ್ತು ಷೇರು ತಗೊಂಡೆ. ಅಪ್ಪನಿಗಿಂತ ಎರಡು ಪಟ್ಟು. ಅಪ್ಪ ಸಂತೋಷಪಟ್ಟ. ಸಂತೋಷದ ನಡುವೆ, “ಓಟು ಮಾತ್ರ ಒಂದ ಇರ್ತೈತಿ, ತಿಳೀತೇನು ಹುಲಿಗೀ?” ಎಂದು ನೆನಪಿಸುವುದನ್ನು ಮರೆಯಲಿಲ್ಲ.

ಇಂಥ ಸುಖದ ಕಾಲದಲ್ಲಿ ಕೊಟ್ಟೂರು ಬೇರೆ ತಾಲ್ಲೂಕಾಗಬೇಕು ಎಂಬ ಕೂಗು ಜೋರಾಯಿತು. ಆಗ ನಾವು ಕೂಡ್ಲಿಗಿ ತಾಲ್ಲೂಕಿನವರು. ಒಂದು ಪಹಣಿ ಬೇಕೆಂದರೂ ಬಸ್ಸು ಹತ್ತಬೇಕು, ಒಂದು ದಿನದ ಕೂಲಿ ಬಿಡಬೇಕು. ಈ ಕೂಗು ನಮ್ಮ ಊರಿನದು ಮಾತ್ರವೂ ಆಗಿರಲಿಲ್ಲ. ಹರಪನಹಳ್ಳಿ ಕಡೆಯ ಬಸ್ಸು ಹತ್ತಿದರೆ, ‘ನಮಗೆ ದಾವಣಗೆರೆ ಹತ್ತಿರ, ಬಳ್ಳಾರಿ ಎಲ್ಲೈತೆ?’ ಎಂದು ಯಾರಾದರೂ ಒಬ್ಬರು ವಾದ ತೆಗೆದೇ ತೆಗೆಯುತ್ತಿದ್ದರು. ಹಡಗಲಿ ಬಸ್ಸಿನಲ್ಲಿ ಬೇರೆ ವಾದ. ನಮ್ಮಲ್ಲಿ ಮೆರವಣಿಗೆಗಳು ನಡೆದವು. ಅಪ್ಪ ಪ್ರತ್ಯೇಕ ತಾಲ್ಲೂಕಿನ ಕಟ್ಟಾ ಅಭಿಮಾನಿ. ಆದರೆ ಸರ್ಕಾರಿ ನೌಕರ, ಮೆರವಣಿಗೆಯಲ್ಲಿ ಸೇರುವ ಹಾಗಿಲ್ಲ. ಅದಕ್ಕೊಂದು ಉಪಾಯ ಮಾಡಿದ್ದ. ಲಸಿಕೆ ಒಯ್ಯುವ ಫ್ಲಾಸ್ಕನ್ನು ಹೆಗಲಿಗೆ ಹಾಕಿಕೊಂಡು, ಯಾವುದೋ ದನಕ್ಕೆ ಸೂಜಿ ಹಾಕಿಸಲು ಹೊರಟವನಂತೆ ಮೆರವಣಿಗೆಯ ಪಕ್ಕದಲ್ಲೇ, ಅದೇ ವೇಗದಲ್ಲಿ ನಡೆಯುತ್ತಿದ್ದ. ಘೋಷಣೆ ಕೂಗುವಾಗ ಬಾಯಿ ತೆರೆಯುತ್ತಿದ್ದ, ಸದ್ದು ಹೊರಡಿಸುತ್ತಿರಲಿಲ್ಲ. ಮೆರವಣಿಗೆ ಊರು ಎರಡು ಸುತ್ತು ಹಾಕಿದ ದಿನ ಡಾಕ್ಟರು, “ದುರುಗಪ್ಪ, ಆ ದನ ಇನ್ನೂ ಸಿಗಲಿಲ್ಲವಾ?” ಎಂದು ಕೇಳಿದರಂತೆ.

ಗೋಡೆಯ ಮೇಲಿನ ವಾಕ್ಯದ ಮೊದಲ ಎರಡು ಪದ ಅಪ್ಪನಿಗೆ ಕಂಡದ್ದು ಆಗಲೇ. ‘ತಾಲ್ಲೂಕಿನ ನಿವಾಸಿಯಾದ...’ ಬ್ಯಾಂಕಿನ ನಿಯಮದಲ್ಲಿ ಅದರ ಕಾರ್ಯಕ್ಷೇತ್ರ ಕೂಡ್ಲಿಗಿ ತಾಲ್ಲೂಕು. ಕೊಟ್ಟೂರು ಬೇರೆ ತಾಲ್ಲೂಕಾದರೆ ಕೊಟ್ಟೂರಿನವರು ಸದಸ್ಯರಾಗಿ ಉಳಿಯುತ್ತಾರೋ ಇಲ್ಲವೋ? ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಎಲ್ಲರೂ ಹೇಳತೊಡಗಿದರು. ಷೇರು ಅರ್ಧಕ್ಕೆ ಇಳಿಯುತ್ತದಂತೆ, ಇಲ್ಲ, ಕಾಲು ಭಾಗವಂತೆ, ಇಲ್ಲ, ಆ ಕಾಗದದಲ್ಲಿ ಶೇಂಗಾ ಕಟ್ಟಬೇಕಂತೆ. ಅಪ್ಪನ ಪಾಡು ಹೇಳತೀರದು. ಬೆಳಿಗ್ಗೆ ಫ್ಲಾಸ್ಕು ಹಾಕಿಕೊಂಡು ತಾಲ್ಲೂಕು ಬೇಕೆಂದು ನಡೆಯುವನು, ಸಂಜೆ ದುರುಗಮ್ಮನ ಗುಡಿಯಲ್ಲಿ ನಿಂತು, “ತಾಯಿ, ತಾಲ್ಲೂಕು ಕೊಡು, ಸ್ವಲ್ಪ ತಡಮಾಡಿ ಕೊಡು” ಎನ್ನುವನು. ಅವನ ನಾಲಗೆಗೆ ಡಿವಿಡೆಂಡ್ ಎಂಬ ಪದ ತಿರುಗದೆ ಒಮ್ಮೊಮ್ಮೆ ಡಿವಿಜನ್ ಆಗುತ್ತಿತ್ತು. ಬ್ಯಾಂಕಿಗೆ ಹೋಗಿ “ಈ ವರ್ಷದ ಡಿವಿಜನ್ ಯಾವಾಗ್ರಿ?” ಎಂದು ಕೇಳಿದರೆ ಗುಮಾಸ್ತರು, “ಯಾವುದ್ದಪ, ಲಾಭದ್ದೋ, ತಾಲ್ಲೂಕಿಂದೋ?” ಎಂದರು.

ಬೀರಪ್ಪ ಮಾವನಿಗೂ ಅಪ್ಪನಿಗೂ ಜಗಳ ಹತ್ತಿದ್ದು ಆಸ್ಪತ್ರೆಯ ಅಂಗಳದಲ್ಲಿ. ಬೀರಪ್ಪ ಮಾವನ ಹಳ್ಳಿ ಏನೇ ಆದರೂ ಕೂಡ್ಲಿಗಿಯಲ್ಲೇ ಉಳಿಯುವಂಥದ್ದು.

“ಎಲ್ಲಾ ಕೂಡಿ ಅದೀವಿ. ಈಗ ಏನ್ ಬಂದೈತೋ ನಿಮಗ?” ಎಂದ ಅವನು.

“ನಿನಗೇನ್ ಗೊತ್ತಲೇ? ಕೂಡ್ಲಿಗಿ ನಿನಗ ಹಿತ್ತಲು. ನಮಗ ಒಂದು ಕಾಗದಕ್ಕ ಒಂದು ದಿನ ಹೋಗ್ತೈತಿ.”

“ಹೋಗ್ರಿ ಹಂಗಾರ. ಷೇರು ತಗಿಸಿದಾಂವ ನೀನು, ನಡುವ ಕೈ ಬಿಟ್ಟು ಹೋಗಾಂವನೂ ನೀನ.”

ಬೀರಪ್ಪ ಮಾವ ಕುರಿಗೆ ಔಷಧ ಹಾಕಿಸದೆಯೇ ಹೊಡೆದುಕೊಂಡು ಹೋದ. ಆಮೇಲೆ ಎರಡು ತಿಂಗಳು ಈ ಕಡೆ ತಲೆ ಹಾಕಲಿಲ್ಲ.

ಇನ್ನು ನನ್ನ ಪರಾಕ್ರಮ ಹೇಳಬೇಕು. ಎಕ್ಸ್‌ಚೇಂಜಿನಲ್ಲಿ ನಮಗೆ ಒಂದು ನಿಯಮ: ಬೇರೆ ಊರಿನ ಟ್ರಂಕ್ ಕಾಲ್ ಜೋಡಿಸಿ, ಮಾತು ಹತ್ತಿತು ಎಂದು ಖಾತ್ರಿಯಾದ ಕೂಡಲೇ ನಾವು ಕಿವಿ ತೆಗೆಯಬೇಕು. ಒಂದು ದಿನ ಕೂಡ್ಲಿಗಿಯಿಂದ ಮಿಲ್ಲಿನ ಸಾಹುಕಾರರು, ಕೊಟ್ಟೂರಿನಲ್ಲಿದ್ದ ತಮ್ಮ ಗುಮಾಸ್ತನಿಗೆ ಫೋನು ಮಾಡಿದರು. ಜೋಡಿಸಿದೆ. “ಕೊಟ್ಟೂರು ಬ್ಯಾರೆ ಆಗೋದು ಖಾತ್ರಿ, ಕೂಡ್ಲಿಗಿ ಷೇರು ದಂಡ...” ಎಂಬಷ್ಟು ಕಿವಿಗೆ ಬಿತ್ತು. ಪ್ರಾಮಾಣಿಕ ನೌಕರಳಾದ ನಾನು ತಕ್ಷಣ ಕಿವಿ ತೆಗೆದೆ. ಇಡೀ ಸರ್ವೀಸಿನಲ್ಲಿ ನಾನು ನಿಯಮವನ್ನು ಅಷ್ಟು ನಿಖರವಾಗಿ ಪಾಲಿಸಿದ ದಿನ ಮತ್ತೊಂದಿಲ್ಲ. ಪಾಲಿಸಬಾರದಿದ್ದ ದಿನವೂ ಅದೊಂದೇ.

ಮರುದಿನ ಬ್ಯಾಂಕಿನ ಎದುರು ಬೇವಿನ ಮರದ ನೆರಳಿನಲ್ಲಿ ಆ ಗುಮಾಸ್ತ ಮೇಜು ಹಾಕಿಕೊಂಡು ಕೂತಿದ್ದ. ಷೇರು ವಾಪಸು ಮಾಡುವ ಅರ್ಜಿಗಳ ಕಟ್ಟು ಮುಂದಿತ್ತು. ಸಹಿ ಹಾಕಿದರೆ ಹಾಕಿದ ದುಡ್ಡು ಪೂರಾ ವಾಪಸು, ಸದಸ್ಯತ್ವ ರದ್ದು. ಜನ ನಿಂತು ನೋಡುತ್ತಿದ್ದರು. ಯಾರೂ ಮುಂದೆ ಹೋಗಿರಲಿಲ್ಲ. ನಾನು ಹೋದೆ. ಅಪ್ಪನಿಗೆ ಹೇಳದೆ, ಹತ್ತು ಷೇರಿಗೂ ಸಹಿ ಹಾಕಿದೆ.

“ಓದಿದವರು ನೋಡ್ರಿ, ಲಗೂನ ತಿಳಕೊಂಡ್ರಿ” ಎಂದು ಗುಮಾಸ್ತ ಮೆಚ್ಚಿದ.

ಹಿಂದಿನಿಂದ ಯಾರೋ ಹೇಳಿದ್ದು ಕೇಳಿಸಿತು: “ಫೋನಿನಾಕಿ ಸಹಿ ಹಾಕ್ಯಾಳಂದ್ರ ಒಳಗಿನ ಸುದ್ದಿ ಐತಿ!” ಅಷ್ಟೇ. ಮೇಜಿನ ಮುಂದೆ ಜನರ ಪಾಳಿ ಹತ್ತಿತು. ಆ ಪಾಳಿಯನ್ನು ನೋಡಿ ನನಗೆ, ಸರಿಯಾದ ಕೆಲಸವನ್ನೇ ಮಾಡಿದ್ದೇನೆ, ನೋಡು ಎಷ್ಟು ಜನ ಸಹಿ ಹಾಕುತ್ತಿದ್ದಾರೆ ಎಂದು ಸಮಾಧಾನವಾಯಿತು. ಅವರು ನನ್ನನ್ನು ನೋಡಿ ಹಾಕುತ್ತಿದ್ದರು, ನಾನು ಅವರನ್ನು ನೋಡಿ ಸಮಾಧಾನಪಡುತ್ತಿದ್ದೆ.

ನಾಲ್ಕು ದಿನದ ಮೇಲೆ ಕೂಡ್ಲಿಗಿ ಎಕ್ಸ್‌ಚೇಂಜಿನ ಶಾರದಕ್ಕ ಲೈನಿನಲ್ಲಿ ಸಿಕ್ಕಳು. ನಿಯಮದ ವಿಷಯದಲ್ಲಿ ಶಾರದಕ್ಕ ನನ್ನಷ್ಟು ಕಟ್ಟುನಿಟ್ಟಲ್ಲ. ಆ ಕಾಲ್ ಕೇಳಿ ನಾನು ಷೇರು ಬಿಟ್ಟ ಸುದ್ದಿ ಹೇಳಿದೆ. ಅವಳು, “ಏ ಹುಚ್ಚಿ, ನೀನು ಪೂರ್ತಿ ಕೇಳ್ಲಿಲ್ಲೇನು? ‘ಬ್ಯಾರೆ ಆಗೋದು ಖಾತ್ರಿ, ಕೂಡ್ಲಿಗಿ ಷೇರು ದಂಡ ಅಂತ ಊರ ತುಂಬ ಹಬ್ಬಿಸು’ ಅಂದ್ರವ್ವಾ ಅವ್ರು! ಈ ಸಲ ನಿರ್ದೇಶಕರ ಚುನಾವಣಿ ಐತಿ. ಕೊಟ್ಟೂರಿನವರು ಇವರಿಗೆ ಓಟು ಹಾಕಂಗಿಲ್ಲಂತ ಅವರಿಗೆ ಗೊತ್ತೈತಿ. ಸದಸ್ಯರ ಇಲ್ಲಾಂದ್ರ ಓಟೆಲ್ಲಿ?” ಎಂದಳು.

ಸಾಹುಕಾರರಿಗೆ ನಮ್ಮ ತಾಲ್ಲೂಕು ಆದರೂ ಒಂದೇ, ಆಗದಿದ್ದರೂ ಒಂದೇ. ಆಗುತ್ತದೆ ಎಂಬ ಹೆದರಿಕೆ ಒಂದು ತಿಂಗಳು ಇದ್ದರೆ ಸಾಕಾಗಿತ್ತು.

ನಾನು ನೇರ ಪಶು ಆಸ್ಪತ್ರೆಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಅವನು ಸಿರಿಂಜು ತೊಳೆಯುತ್ತಿದ್ದ. ತೊಳೆಯುವುದನ್ನು ನಿಲ್ಲಿಸಲಿಲ್ಲ.

“ಎಷ್ಟು ಮಂದಿ ಸಹಿ ಹಾಕ್ಯಾರ?”

“ನೂರರ ಮ್ಯಾಲ ಆಗ್ಯಾವಪ್ಪ.”

“ಮೊದಲು ಯಾರು ಹಾಕಿದ್ದು?”

ನಾನು ನೆಲ ನೋಡಿದೆ. ಅವನು ಬೈದಿದ್ದರೆ ಚೆನ್ನಾಗಿತ್ತು. “ನೀ ಕೇಳಿದ್ದು ಹೊರಗ ಬಂದ್ರ ನಿನ್ನ ನೌಕರಿ ಹೋಗ್ತೈತಿ. ಬಾಯಿ ಮುಚ್ಚಿಕೊಂಡಿರು” ಎಂದಷ್ಟೇ ಹೇಳಿದ.

ಆ ದಿನದಿಂದ ಅಪ್ಪ ಓಣಿ ಓಣಿ ತಿರುಗಿದ. ಸುದ್ದಿ ಎಲ್ಲಿಂದ ಬಂತೆಂದು ಹೇಳುವ ಹಾಗಿಲ್ಲವಲ್ಲ, ದುರುಗಮ್ಮ ಕನಸಿನಲ್ಲಿ ಬಂದು ಹೇಳಿದಳು ಎಂದ. “ಷೇರು ಬಿಡಬ್ಯಾಡ್ರಿ, ಇದರಾಗ ಮಸಲತ್ತು ಐತಿ ಅಂದ್ಲು ತಾಯಿ.”

“ದುರುಗಮ್ಮ ಬ್ಯಾಂಕಿನ ಕೆಲಸಕ್ಕೂ ಬರ್ತಾಳೇನೋ?” ಎಂದು ಒಬ್ಬರು ಕೇಳಿದರು.

“ಯಾಕ, ಆಕಿ ಹುಂಡಿ ದುಡ್ಡು ಇಟ್ಟಿದ್ದು ಎಲ್ಲಿ? ಇದ ಬ್ಯಾಂಕಿನಾಗ!” ಎಂದ ಅಪ್ಪ. ಅದು ನಿಜವೇ ಆಗಿತ್ತು. ಮೇಜಿನ ಮುಂದಿನ ಪಾಳಿ ಕರಗಿತು. ಆದರೆ ಹೋದವರು ಹೋಗಿಯಾಗಿತ್ತು. ಉಳಿದವರ ಹೆದರಿಕೆಯೂ ಪೂರಾ ಹೋಗಿರಲಿಲ್ಲ. ಅದಕ್ಕೆ ಅಪ್ಪ ಒಂದು ಅರ್ಜಿ ಬರೆಸಿದ. ಬರೆದವಳು ನಾನು, ನನ್ನ ಪ್ರಾಯಶ್ಚಿತ್ತಕ್ಕೆ. ಕೊಟ್ಟೂರು ನಾಳೆ ಯಾವ ತಾಲ್ಲೂಕಿಗೆ ಸೇರಿದರೂ ಅಲ್ಲಿನವರು ಈ ಬ್ಯಾಂಕಿನ ಸದಸ್ಯರಾಗಿಯೇ ಇರತಕ್ಕದ್ದು, ನಿಯಮದಲ್ಲಿ ಹಾಗೆ ತಿದ್ದುಪಡಿ ಆಗಬೇಕು, ಮಹಾಸಭೆಯಲ್ಲಿ ಇದನ್ನು ಓಟಿಗೆ ಹಾಕಬೇಕು ಎಂದು.

ಓಟು ಸಾಲುವುದಿಲ್ಲ ಎಂದು ಅಪ್ಪನಿಗೆ ಗೊತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಬೀರಪ್ಪ ಮಾವನ ಹಳ್ಳಿಗೆ ಹೋದ. ಮಾವ ಊರಾಚೆಯ ಜಾಲಿಮರದ ಕೆಳಗೆ ಕುರಿ ಬಿಟ್ಟುಕೊಂಡು ಕೂತಿದ್ದ. ನಮ್ಮನ್ನು ನೋಡಿ ಆಚೆ ಮುಖ ತಿರುಗಿಸಿದ. ಅಪ್ಪ ನೇರ ಹಿಂಡಿನೊಳಗೆ ಹೋದ. ಕುಂಟುತ್ತಿದ್ದ ಒಂದು ಕುರಿಯನ್ನು ಹಿಡಿದು ಕೆಡವಿ, ಗೊರಸಿನ ಸಂದಿಯಲ್ಲಿ ಸಿಕ್ಕಿದ್ದ ಮುಳ್ಳು ತೆಗೆದು, ಚೀಲದಿಂದ ಔಷಧ ತೆಗೆದು ಹಚ್ಚಿದ. ಅದು ಎದ್ದು ಹಿಂಡಿಗೆ ಹೋಯಿತು.

“ಅದಕ್ಕ ಹದಿನೈದು ದಿವಸದಿಂದ ಕಾಲು ನೋವಿತ್ತು” ಎಂದ ಬೀರಪ್ಪ ಮಾವ, ಕುರಿಯ ಕಡೆ ನೋಡುತ್ತಾ.

“ಕರಕೊಂಡು ಬರಬೇಕಿತ್ತು.”

“ಬ್ಯಾರೆ ತಾಲ್ಲೂಕಿನ ದವಾಖಾನಿಗೆ ಹೆಂಗ ಬರ್ಲಿ?”

ಅಪ್ಪ ಪಕ್ಕದಲ್ಲಿ ಕೂತು ಅರ್ಜಿಯ ವಿಷಯ ಹೇಳಿದ. “ನೋಡು ಬೀರಾ, ತಾಲ್ಲೂಕು ಬೇಕು ಅಂಬಾಂವ ನಾನು. ಬ್ಯಾಡ ಅಂಬಾಂವ ನೀನು. ಅದು ಹಂಗ ಇರ್ಲಿ. ಬ್ಯಾಂಕಿನಾಗ ನನ್ನ ಹೆಸರು ಹೊಡದು ಹಾಕಿದ್ರ ನಾ ಮತ್ತ ಹೊರಗ ನಿಂದ್ರಬೇಕಾಕೈತಿ. ಅದೊಂದು ಆಗಬಾರದು.”

ಬೀರಪ್ಪ ಮಾವ ಎದ್ದು ಹೋಗಿ ಕುರಿಯ ಹಾಲು ಕರೆದ. ನಾವು ಹೊರಡುವಾಗ ನನ್ನ ಕೈಗೆ ಒಂದು ತಂಬಿಗೆ ಕುರಿಹಾಲು ಕೊಟ್ಟ.

ಮಹಾಸಭೆಯ ದಿನ ನಾನೂ ಕೂಡ್ಲಿಗಿಗೆ ಹೋದೆ. ಬಾಗಿಲಲ್ಲಿ ಪಟ್ಟಿ ನೋಡುತ್ತಿದ್ದವರು, “ನಿಮ್ಮ ಹೆಸರಿಲ್ಲರಿ, ಒಳಗ ಬಿಡಂಗಿಲ್ಲ” ಎಂದರು. ಅಪ್ಪ ಒಳಗೆ ಹೋಗಿ ಸಾಲಿನ ನಡುವೆ ಕೂತ. ಸಂಬಳದಾರಳೂ, ಓದಿದವಳೂ, ಅಪ್ಪನಿಗಿಂತ ಎರಡು ಪಟ್ಟು ಷೇರು ಹೊಂದಿದ್ದವಳೂ ಆದ ನಾನು ಹೊರಗೆ ಕಿಟಕಿಯ ಸರಳು ಹಿಡಿದು ನಿಂತೆ. ಅಷ್ಟು ವರ್ಷ ಆ ಐದು ಕಾಗದವನ್ನು ಅವನು ಯಾಕೆ ಅಷ್ಟು ಜೋಪಾನ ಮಾಡಿದ್ದನೆಂದು ನನಗೆ ತಿಳಿದದ್ದು ಆ ಕಿಟಕಿಯ ಹತ್ತಿರ. ಅಪ್ಪನ ಬಾಜು ಕುರ್ಚಿ ಖಾಲಿ ಇತ್ತು.

ಅರ್ಜಿ ಓದಿದರು. ಸಾಹುಕಾರರು ಎದ್ದು ನಗುನಗುತ್ತಲೇ, “ಇದು ರಾಜಕೀಯದ ಮಾತು. ಬ್ಯಾಂಕಿನಾಗ ರಾಜಕೀಯ ಬ್ಯಾಡ” ಎಂದರು.

ಅಪ್ಪ ಎದ್ದ. ಇಸ್ತ್ರಿ ಅಂಗಿಯನ್ನು ಕೆಳಗೆ ಜಗ್ಗಿಕೊಂಡ. “ರಾಜಕೀಯ ಅಲ್ರಿ ಧಣಿ. ಊರು ಎಲ್ಲಿಗ್ಯಾರ ಸೇರ್ಲಿ, ಅದನ್ನ ಮಾಡೋರು ಮಾಡ್ತಾರ. ನಾವು ಸೇರಿದ್ದು ಬ್ಯಾಂಕಿಗೆ. ನಮ್ಮನ್ನ ಕೇಳದ ತಗೀಬ್ಯಾಡ್ರಿ ಅಂತ ಕೇಳಾಕತ್ತೀನಿ, ಅಷ್ಟ.”

ಕಾರ್ಯದರ್ಶಿಗಳು, “ಪರವಾಗಿರುವವರು ಕೈ ಎತ್ತಿ” ಎಂದರು. ಕೊಟ್ಟೂರಿನವರು ಎತ್ತಿದರು. ಸಹಿ ಹಾಕಿ ಹೋದವರ ಕುರ್ಚಿಗಳೆಲ್ಲ ಖಾಲಿ. ಎತ್ತಿದ ಕೈಗಳು ಬೆಳೆ ಕೊಯ್ದ ಹೊಲದಲ್ಲಿ ಉಳಿದ ದಂಟಿನಂತೆ ಅಲ್ಲೊಂದು ಇಲ್ಲೊಂದು ಕಂಡವು. ನಾನು ಕಣ್ಣು ಮುಚ್ಚಿದೆ. ಆಗ ಹಿಂದಿನ ಬಾಗಿಲಿನ ಕಡೆ ಕುರ್ಚಿ ಸರಿದ ಸದ್ದಾಯಿತು. ಕಂಬಳಿ ಹೊದ್ದ ಬೀರಪ್ಪ ಮಾವ, ತಡವಾಗಿ ಬಂದವನು, ನಡೆದುಕೊಂಡು ಬಂದು ಅಪ್ಪನ ಬಾಜು ನಿಂತ.

“ಕೊಟ್ಟೂರು ಬ್ಯಾರೆ ಆಗಬಾರ್ದು ಅಂಬಾಂವ ನಾನು” ಎಂದ, ಇಡೀ ಹಾಲ್‌ಗೆ ಕೇಳಿಸುವಂತೆ. “ಆದ್ರೂ ಇವ್ರು ಹೋದ್ರ ಬ್ಯಾಂಕಿನಾಗ ಜಗಳಾಡಾಕ ನನಗ್ಯಾರದಾರ?” ಎಂದು ಕೈ ಎತ್ತಿದ. ಅವನ ಹಿಂದೆ ಅವನ ಹಳ್ಳಿಯವರ ಎರಡು ಸಾಲು ಎದ್ದು ಕೈ ಎತ್ತಿದವು. ಅದನ್ನು ನೋಡಿ ಕೂಡ್ಲಿಗಿಯ ಇನ್ನಷ್ಟು ಜನ. ಸಾಹುಕಾರರು ಸುತ್ತ ಕಣ್ಣಾಡಿಸಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಸೋಲುವ ಕಡೆ ಕೈ ಇಡುವ ಅಭ್ಯಾಸ ಅವರಿಗಿರಲಿಲ್ಲ. ಎಲ್ಲರಿಗಿಂತ ಎತ್ತರಕ್ಕೆ ಕೈ ಎತ್ತಿ, “ನಾನೂ ಇದನ್ನ ಹೇಳಬೇಕಂತಿದ್ದೆ” ಎಂದರು.

ಮೇಲಿನವರ ಒಪ್ಪಿಗೆ ಬಂದು ನಿಯಮ ತಿದ್ದುಪಡಿ ಆಗುವ ಹೊತ್ತಿಗೆ ಮೆರವಣಿಗೆಗಳು ತಣ್ಣಗಾಗಿದ್ದವು. ಆ ವರ್ಷಗಳಲ್ಲಿ ಕೊಟ್ಟೂರು ತಾಲ್ಲೂಕಾಗಲೇ ಇಲ್ಲ. ಅದು ಆದದ್ದು ಹತ್ತಾರು ವರ್ಷಗಳ ಮೇಲೆ, ನನ್ನ ತಲೆ ನೆರೆತ ಮೇಲೆ. ನನ್ನನ್ನು ನೋಡಿ ಸಹಿ ಹಾಕಿದ್ದ ನೂರು ಜನರಲ್ಲಿ ಬಹಳಷ್ಟು ಮಂದಿ ಒಬ್ಬೊಬ್ಬರಾಗಿ ಮತ್ತೆ ಷೇರು ತಗೊಂಡರು. ಎಲ್ಲರಿಗಿಂತ ಕೊನೆಗೆ ಹೋದವಳು ನಾನು. ಈ ಸಲ ನಾಚಿಕೆಯೇ ನಿಧಾನ ಕಲಿಸಿತ್ತು.

ಹೊಸ ಸದಸ್ಯರಿಗೆ ಇಬ್ಬರು ಹಳೆಯ ಸದಸ್ಯರ ಶಿಫಾರಸು ಬೇಕಿತ್ತು. ಅಪ್ಪ, ಬೀರಪ್ಪ ಮಾವ ಇಬ್ಬರೂ ಬ್ಯಾಂಕಿಗೆ ಬಂದರು. ಬೀರಪ್ಪ ಮಾವ ಹೆಬ್ಬೆಟ್ಟು ಒತ್ತುವ ಮುಂಚೆ, “ಈಕಿ ನಡತಿ ಹೆಂಗೈತೋ ದುರುಗಾ?” ಎಂದು ಗಂಭೀರವಾಗಿ ವಿಚಾರಿಸಿದ. “ಅರ್ಧ ಕೇಳ್ತಾಳ. ಉಳಿದದ್ದೆಲ್ಲಾ ಚಲೋ” ಎಂದ ಅಪ್ಪ. ನಾನು ಅರ್ಜಿ ತುಂಬುತ್ತಾ ಹೋದೆ. ಹೆಸರು, ತಂದೆಯ ಹೆಸರು, ಊರು. ಮುಂದೆ ತಾಲ್ಲೂಕು ಎಂಬ ಕಾಲಂ. ‘ಕೂಡ್ಲಿಗಿ’ ಎಂದು ಬರೆಯಲು ಪೆನ್ನು ಊರಿದೆ. ಅಪ್ಪ ನನ್ನ ಮುಂಗೈ ಹಿಡಿದ. ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ, ಆಸ್ಪತ್ರೆಯ ರಿಜಿಸ್ಟರಿನ ಮೋಟು ಪೆನ್ಸಿಲನ್ನು ತೆಗೆದು ನನ್ನ ಕೈಗಿಟ್ಟು ಹೇಳಿದ:

“ಊರು ಶಾಯಿಯಾಗ ಇರ್ಲಿ. ತಾಲ್ಲೂಕು ಇದರಾಗ ಬರಿ.”